ಯಾವ ನೂರು? 'ಪರ್ಸೆಂಟ್' ಎಂಬ ಪದ ಮತ್ತು ಗಡಿನಾಡಿನ ಲೆಕ್ಕ

ಧ್ವನಿ ಕೇಳಿಸ್ತಾ ಉಂಟಲ್ವಾ? ಇಲ್ಲಿ ಮಳೆ ಜೋರಾಗಿದೆ. ಕರೆಂಟು ಹೋದರೆ ಎರಡು ನಿಮಿಷ ಕಾಯಿರಿ, ಮೊಬೈಲಿನಿಂದ ಮತ್ತೆ ಸೇರಿಕೊಳ್ತೇನೆ.

ಈ ಸರಣಿಯಲ್ಲಿ ಗಡಿನಾಡಿನ ಶಾಸನ, ಶಾಲೆ, ಮಠ, ಯಕ್ಷಗಾನದ ಬಗ್ಗೆ ಮಾತಾಯಿತು. ನಾನು ಆರಿಸಿಕೊಂಡದ್ದು ಒಂದು ಪದ, ಅದೂ ಇಂಗ್ಲಿಷಿನ ಗಣಿತ ಪದ: ಪರ್ಸೆಂಟ್. ಇದಕ್ಕೂ ಗಡಿನಾಡಿಗೂ ಎಂತ ಸಂಬಂಧ ಅಂತ ನನ್ನ ಗೈಡ್ ಕೂಡ ಮೊದಲು ಕೇಳಿದ್ರು. ಹಾಗಾಗಿ ಮನೆಯ ಕಥೆಯಿಂದಲೇ ಶುರು ಮಾಡ್ತೇನೆ.

ನಾನು ಓದಿದ್ದು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ. ಆರನೇ ಕ್ಲಾಸಿನಲ್ಲಿದ್ದಾಗ ಮಲಯಾಳಂ ಅಕ್ಷರ ಕೂಡಿಸಿ ಓದುವ ಹುಚ್ಚು ಹಿಡಿದಿತ್ತು. ಬಸ್ಸಿನ ಬೋರ್ಡು, ಔಷಧದ ಅಂಗಡಿ, ಸಿನಿಮಾ ಪೋಸ್ಟರ್, ಯಾವುದನ್ನೂ ಬಿಡ್ತಿರಲಿಲ್ಲ. ಒಂದು ದಿನ ಅಪ್ಪನ ಜೊತೆ ಪೇಟೆಗೆ ಹೋದಾಗ ಒಂದು ಬ್ಯಾಂಕಿನ ಗೋಡೆಯಲ್ಲಿ 'ಏಳು ಶತಮಾನ ಪಲಿಶ' ಅಂತ ಓದಿದೆ. ಪಲಿಶ ಅಂದರೆ ಬಡ್ಡಿ ಅಂತ ಗೊತ್ತಿತ್ತು. "ಅಪ್ಪಾ, ಇವರು ಏಳು ಶತಮಾನ ಬಡ್ಡಿ ಕೊಡ್ತಾರಾ?" ಅಂತ ಕೇಳಿದೆ. ಅಪ್ಪ ನಕ್ಕರು. "ಅಷ್ಟು ಕಾಲ ಬದುಕಿ ತಗೊಳ್ಳುವವ ಯಾರು ಮಾರಾಯಾ? ಅದು ಅವರ ಶತಮಾನ. ನಮ್ಮದು ಶೇಕಡಾ."

ಮಲಯಾಳಂನಲ್ಲಿ ಶತಮಾನಂ ಎಂದರೆ ನೂರರ ಅಳತೆ, ಪರ್ಸೆಂಟ್. ನೂರು ವರ್ಷಕ್ಕೆ ಅವರ ಪದ ನೂಟ್ಟಾಂಡ್. ಇಬ್ಬರ ಪದದ ಮೂಲ ಒಂದೇ, ಆದರೆ ನಾವು ಅದನ್ನ ಕಾಲಕ್ಕೆ ಇಟ್ಟುಕೊಂಡೆವು, ಅವರು ಪಾಲಿಗೆ ಇಟ್ಟುಕೊಂಡರು.

ಅದೇ ಪದ ಎರಡನೇ ಸಲ ನನ್ನ ಎದುರು ಬಂದದ್ದು ಒಂದು ಕಚೇರಿಯಲ್ಲಿ. ಆಗ ನಗು ಬರಲಿಲ್ಲ. ಊರಿನವರ ಒಂದು ಮನವಿ ಹಿಡಿದು ಹೋಗಿದ್ದೆವು. ನೋಟೀಸು ಕನ್ನಡದಲ್ಲೂ ಇರಲಿ ಅನ್ನುವ ಸಣ್ಣ ಬೇಡಿಕೆ ಅದು. ಅಲ್ಲಿದ್ದವರು ಸೌಮ್ಯವಾಗಿಯೇ ಕೇಳಿದರು: "ನೀವು ಎಷ್ಟು ಶತಮಾನ ಇದ್ದೀರಿ?" ನನ್ನ ಜೊತೆಗಿದ್ದ ಹಿರಿಯರಿಗೆ ಪ್ರಶ್ನೆ ಬೇರೆ ರೀತಿ ಕೇಳಿಸಿತು. ಎಷ್ಟು ತಲೆಮಾರಿನಿಂದ ಇದ್ದೀರಿ ಅಂತ ತಿಳಿದು, "ನಾಲ್ಕೈದು ಶತಮಾನ ಆಯ್ತು" ಅಂದುಬಿಟ್ಟರು. ಅವರು ಕೇಳಿದ್ದು ಪಾಲು, ಇವರು ಹೇಳಿದ್ದು ಕಾಲ. ಮನವಿ ಮೇಜಿನ ಮೇಲೆಯೇ ಉಳಿಯಿತು. ಈ ಪ್ರಬಂಧ ಶುರುವಾದದ್ದು ಅವತ್ತು.

ಈಗ ಇಂಗ್ಲಿಷ್ ಪದಕ್ಕೆ ಬರೋಣ. ಲ್ಯಾಟಿನ್ನಿನ 'ಪೆರ್ ಕೆಂಟುಮ್', ನೂರಕ್ಕೆ ಇಷ್ಟು ಅನ್ನುವುದು ಇದರ ಬೇರು. ರೋಮನ್ ದೊರೆ ಅಗಸ್ಟಸ್‌ನ ಕಾಲದಲ್ಲಿ ಹರಾಜಿನಲ್ಲಿ ಮಾರಿದ ಸರಕಿನ ಮೇಲೆ ನೂರರಲ್ಲೊಂದು ಭಾಗ ತೆರಿಗೆ ಇತ್ತು. ಮುಂದೆ ಇಟಲಿಯ ವ್ಯಾಪಾರಿಗಳು 'ಪೆರ್ ಚೆಂತೊ' ಅಂತ ಲಾಭ, ಬಡ್ಡಿ, ದಲಾಲಿ ಬರೆದಿಡುತ್ತಿದ್ದರು. 15ನೇ ಶತಮಾನದ ಹಸ್ತಪ್ರತಿಗಳಲ್ಲಿ ಆ ಬರಹ ಬೇಗಬೇಗ ಗೀಚಿ ಗೀಚಿ ಸಂಕ್ಷೇಪವಾಯಿತು. ನಾವು ಇವತ್ತು ಬರೆಯುವ ಓರೆಗೆರೆ, ಎರಡು ಬದಿಗೆ ಎರಡು ಸೊನ್ನೆಯ ಗುರುತು ಬೆಳೆದು ಬಂದದ್ದು ಆ ಗೀಚಿನಿಂದ. ಎರಡು ಸೊನ್ನೆ ನೋಡಿ ಅದು ನೂರರ ಸೊನ್ನೆಗಳೇ ಅಂತ ನಮ್ಮ ಲೆಕ್ಕದ ಟೀಚರ್ ಹೇಳಿಕೊಡ್ತಿದ್ದರು. ನೆನಪಿಗೆ ಒಳ್ಳೆಯದು, ಚರಿತ್ರೆ ಅದಲ್ಲ.

ಇಂಗ್ಲಿಷಿಗೆ ಪದ 16ನೇ ಶತಮಾನದಲ್ಲಿ ಬಂತು. ಬಹುಕಾಲ ಅದು ಎರಡು ಪದವಾಗಿ, ಕೊನೆಗೊಂದು ಚುಕ್ಕಿಯ ಜೊತೆ ಇತ್ತು, ಯಾಕಂದ್ರೆ ಅದು 'ಪರ್ ಸೆಂಟಮ್'ನ ಸಂಕ್ಷೇಪ. ನಮ್ಮ ಸಿವಿಲ್ ಪ್ರೊಸೀಜರ್ ಕೋಡ್, 1908ರ 34ನೇ ಕಲಮು ತೆಗೆದು ನೋಡಿ. ಬಡ್ಡಿ ದರದ ಮಾತು ಬರುವಲ್ಲಿ ಆ ಚುಕ್ಕಿ ಇನ್ನೂ ಕೂತಿದೆ. ಅಮೆರಿಕದವರು ಎರಡನ್ನೂ ಕೂಡಿಸಿ ಒಂದೇ ಪದ ಮಾಡಿದರು. ಬ್ರಿಟಿಷರು ಬಿಡಿಸಿ ಬರೆಯುವುದೇ ಹೆಚ್ಚು.

ದಿನಬಳಕೆಯಲ್ಲಿ ಆದ ಬದಲಾವಣೆ ಇನ್ನೂ ಸ್ವಾರಸ್ಯ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಸರಕಾರಿ ಸಾಲಪತ್ರಗಳಿಗೆ 'ತ್ರೀ ಪರ್ಸೆಂಟ್ಸ್', 'ಫೋರ್ ಪರ್ಸೆಂಟ್ಸ್' ಅನ್ನುತ್ತಿದ್ದರು. ಜೇನ್ ಆಸ್ಟೆನ್‌ರ 'ಪ್ರೈಡ್ ಅಂಡ್ ಪ್ರಿಜುಡಿಸ್' (1813) ಕಾದಂಬರಿಯಲ್ಲಿ ಕಾಲಿನ್ಸ್ ಎಂಬ ಪಾದ್ರಿ ಮದುವೆ ಪ್ರಸ್ತಾಪ ಮಾಡುವಾಗಲೂ ಹುಡುಗಿಗೆ ಮುಂದೆ ಬರಲಿರುವ ಫೋರ್ ಪರ್ಸೆಂಟ್ಸ್‌ನ ಸಾವಿರ ಪೌಂಡನ್ನು ಎತ್ತಾಡುತ್ತಾನೆ. ಇಲ್ಲಿ ಪರ್ಸೆಂಟ್ ಒಂದು ಅನುಪಾತವಾಗಿ ಉಳಿದಿಲ್ಲ, ಪೆಟ್ಟಿಗೆಯಲ್ಲಿಡಬಹುದಾದ ವಸ್ತುವೇ ಆಗಿದೆ. ಅದರ ಬೆನ್ನಿಗೆ 'ಪರ್ಸೆಂಟೇಜ್' ಹುಟ್ಟಿತು. 'ಪರ್ಸೆಂಟೇಜ್ ಮಾತ್ರ' ಅಂದರೆ ಸ್ವಲ್ಪ ಅನ್ನುವ ಅರ್ಥ ಬಂತು, ತೊಂಬತ್ತೊಂಬತ್ತು ಕೂಡ ಪರ್ಸೆಂಟೇಜೇ ಆಗಿದ್ದರೂ. 'ನೂರು ಪರ್ಸೆಂಟ್' ಅಂದರೆ ಖಂಡಿತ. ಕ್ರೀಡಾಪಟುಗಳು 'ನೂರಹತ್ತು ಪರ್ಸೆಂಟ್' ಕೊಡಲು ಶುರು ಮಾಡಿದರು. ನಮ್ಮಲ್ಲಿ 'ಪರ್ಸೆಂಟೇಜ್' ಅಂದರೆ ಒಂದೋ ಪರೀಕ್ಷೆಯ ಮಾರ್ಕು, ಇಲ್ಲವಾದರೆ ಕಂತ್ರಾಟಿನ ಕಮಿಷನ್. ಎಲ್ಲ ಕಡೆ ಆದದ್ದು ಒಂದೇ: 'ನೂರಕ್ಕೆ' ಅನ್ನುವ ಭಾಗ ಕೇಳಿಸದೆ ಹೋಯಿತು, ಬರೀ ಅಂಕಿ ಉಳಿಯಿತು. ಯಾವುದರ ನೂರು ಅಂತ ಯಾರೂ ಕೇಳುವುದಿಲ್ಲ.

ನಮ್ಮ ಭಾಷೆಗಳಲ್ಲಿ ಈ 'ಕ್ಕೆ' ಇನ್ನೂ ಜೀವಂತ ಇದೆ. ಆದೋನಿ ಕಡೆಯ ಸಹಪಾಠಿಯೊಬ್ಬರ ಮನೆಯಲ್ಲಿ ಶಾತಂ ಅನ್ನುವುದು ಪೇಪರಿನ ಮಾತು, ಬಾಯಲ್ಲಿ ಬರುವುದು ನೂಟಿಕಿ ಇಷ್ಟು. ತಾಳವಾಡಿ, ಹೊಸೂರಿನ ಶಾಲಾ ಪುಸ್ತಕದಲ್ಲಿ ವಿಳುಕ್ಕಾಡು, ಪೇಟೆಯಲ್ಲಿ ಪರ್ಸೆಂಟ್. ಕನ್ನಡದಲ್ಲಿ ನೂರಕ್ಕೆ ಇಷ್ಟು. ಅಕ್ಕಲಕೋಟೆಯ ಗೆಳೆಯ ಮಾತ್ರ "ಎರಡ ಟಕ್ಕೆ ಬಡ್ಡೀಲೆ ತಂದಾನ್ರೀ" ಅಂತಾನೆ. ಟಕ್ಕಾ ಮೂಲದಲ್ಲಿ ನಾಣ್ಯದ ಹೆಸರು. ಈಗ ಮರಾಠಿಯಲ್ಲಿ ಪರ್ಸೆಂಟ್‌ಗೆ ಅದೇ ಪದ. ಇನ್ನು ನಾವು ಶುದ್ಧ ಕನ್ನಡ ಅಂದುಕೊಂಡು ಬರೆಯುವ 'ಶೇಕಡಾ' ಇದೆಯಲ್ಲ, ಅದು ಮರಾಠಿಯ ಶೇಕಡಾ, ಅಂದರೆ ನೂರರ ಲೆಕ್ಕ. ಅವರು ಟಕ್ಕೆಗೆ ಹೋದರು, ನಾವು ಅವರ ಶೇಕಡಾವನ್ನು ಇಟ್ಟುಕೊಂಡೆವು. ಮರಾಠಿಯವರ ಜೊತೆ ಗಡಿ ಜಗಳದಲ್ಲಿ ನಮ್ಮ ಪಾಲು ಹೇಳಿಕೊಳ್ಳುವುದಕ್ಕೂ ಅವರ ಪದವೇ ಬೇಕಾಯಿತು.

ನೂರಕ್ಕೆ ಲೆಕ್ಕ ಹಾಕುವುದನ್ನು ಇಂಗ್ಲಿಷಿನವರು ಬಂದು ಕಲಿಸಲಿಲ್ಲ. ಅರ್ಥಶಾಸ್ತ್ರದಲ್ಲಿ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ನ್ಯಾಯವಾದ ಬಡ್ಡಿ. ವ್ಯಾಪಾರಕ್ಕೆ ಐದು, ಕಾಡುದಾರಿಯವರಿಗೆ ಹತ್ತು, ಕಡಲ ವ್ಯಾಪಾರಕ್ಕೆ ಇಪ್ಪತ್ತು. ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿ ಲೆಕ್ಕಗಳನ್ನು ರಾಶಿ ರಾಶಿ ಕೊಟ್ಟಿದ್ದಾನೆ. ಇವತ್ತಿಗೂ ಹಳ್ಳಿಯಲ್ಲಿ 'ಎರಡು ರೂಪಾಯಿ ಬಡ್ಡಿ' ಅಂದರೆ ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ 24. ಆದರೆ ಗಮನಿಸಿ, ಇದೆಲ್ಲ ದುಡ್ಡಿನ ನೂರು. ಇಲ್ಲಿ ನೂರು ಯಾವುದು ಅನ್ನುವುದರಲ್ಲಿ ಗೊಂದಲವೇ ಇಲ್ಲ. ಕೊಟ್ಟವನ ಕೈಯಿಂದ ತಗೊಂಡವನ ಕೈಗೆ ಹೋದ ನೂರು ಅದು.

ಜನರನ್ನು ನೂರಕ್ಕೆ ಹಂಚುವ ಪದ್ಧತಿ ಬೇರೆ. ಬ್ರಿಟಿಷ್ ಜನಗಣತಿ 1881ರಲ್ಲೇ ಮಾತೃಭಾಷೆ ಕೇಳಿತ್ತು. ಆದರೆ ಹಳೆಯ ಜನಗಣತಿ ವರದಿಗಳ ಉಪಕೋಷ್ಟಕಗಳಲ್ಲಿ ಪ್ರಮಾಣವನ್ನು ಎಷ್ಟೋ ಕಡೆ ಹತ್ತು ಸಾವಿರಕ್ಕೆ ಇಷ್ಟು ಅಂತ ಕೊಡುತ್ತಿದ್ದರು. ಮದ್ರಾಸ್ ಪ್ರಾಂತ್ಯದ 1927ರ ಕೋಮುವಾರು ಆದೇಶ ನೌಕರಿ ಹಂಚಿದ್ದು ಹನ್ನೆರಡರ ಲೆಕ್ಕದಲ್ಲಿ: ಹನ್ನೆರಡು ಹುದ್ದೆಯಲ್ಲಿ ಐದು ಇವರಿಗೆ, ಎರಡು ಅವರಿಗೆ, ಹೀಗೆ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆದೋನಿ ಬಳ್ಳಾರಿ ಜಿಲ್ಲೆಯಲ್ಲಿ. ಹನ್ನೆರಡರ ಲೆಕ್ಕದಲ್ಲಿ ಒಂದು ಅನುಕೂಲ ಇದೆ. ಹನ್ನೆರಡು ಕುರ್ಚಿ ಕಣ್ಣೆದುರಿಗೆ ಇರ್ತದೆ.

ಭಾಷೆಯ ವಿಷಯದಲ್ಲಿ ಪರ್ಸೆಂಟ್‌ಗೆ ಅಧಿಕಾರ ಬಂದದ್ದು 1955ರಲ್ಲಿ ಅಂತ ನನ್ನ ವಾದ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ ಆ ವರ್ಷ ಸೆಪ್ಟೆಂಬರ್ 30ಕ್ಕೆ ವರದಿ ಕೊಟ್ಟಿತು. ಒಂದು ಭಾಷೆಯವರು ಸುಮಾರು ಶೇಕಡಾ 70 ಅಥವಾ ಹೆಚ್ಚು ಇದ್ದರೆ ಮಾತ್ರ ಅದನ್ನು ಏಕಭಾಷಾ ರಾಜ್ಯ ಎನ್ನಬಹುದು, ಶೇಕಡಾ 30ರಷ್ಟು ಗಣನೀಯ ಅಲ್ಪಸಂಖ್ಯಾತರಿದ್ದರೆ ಅದು ದ್ವಿಭಾಷಾ ರಾಜ್ಯ. ಒಂದು ಜಿಲ್ಲೆಯಲ್ಲಿ ಅಲ್ಪಸಂಖ್ಯಾತ ಭಾಷೆಯವರೇ ಶೇಕಡಾ 70 ಇದ್ದರೆ ಅಲ್ಲಿ ಅವರ ಭಾಷೆಗೆ ಆಡಳಿತದಲ್ಲಿ ಜಾಗ. 1961ರ ಮುಖ್ಯಮಂತ್ರಿಗಳ ಸಮ್ಮೇಳನದಲ್ಲಿ ಜಿಲ್ಲೆಯ ಮಿತಿ 60ಕ್ಕೆ ಇಳಿಯಿತು. ನೋಟೀಸು, ನಿಯಮಗಳ ಪ್ರಕಟಣೆಗೆ ಶೇಕಡಾ 15. ವರದಿಯ ಇಂಗ್ಲಿಷಿನಲ್ಲಿ 'ಸುಮಾರು' ಎಂಬ ಪದ ಇತ್ತು. ಕಚೇರಿಯಿಂದ ಕಚೇರಿಗೆ ಹೋಗ್ತಾ ಹೋಗ್ತಾ ಆ 'ಸುಮಾರು' ಬಿದ್ದುಹೋಯಿತು, 70 ಉಳಿಯಿತು.

ಈಗ ನನ್ನ ಮುಖ್ಯ ಮಾತು. ಒಂದು ಕಾಲ್ಪನಿಕ ತಾಲೂಕು ತಗೊಳ್ಳಿ, ಬರೀ ಲೆಕ್ಕಕ್ಕೆ. ಒಟ್ಟು ಸಾವಿರ ಜನ. ನಡುವೆ ಒಂದು ಹೊಳೆ. ಹೊಳೆಯ ಬಡಗು ಬದಿಯಲ್ಲಿ 400 ಜನ, ಅವರಲ್ಲಿ ಕನ್ನಡದವರು 280. ತೆಂಕು ಬದಿಯಲ್ಲಿ 600, ಅಲ್ಲಿ ಕನ್ನಡದವರು 20. ಇಡೀ ತಾಲೂಕಿನಲ್ಲಿ ಕನ್ನಡ ಶೇಕಡಾ 30. ಹೊಳೆಯ ಬಡಗಲ್ಲಿ ಮಾತ್ರ ನೋಡಿದರೆ ಶೇಕಡಾ 70. ಒಬ್ಬನೂ ಮನೆ ಬಿಟ್ಟು ಹೋಗಿಲ್ಲ, ಒಬ್ಬನೂ ಭಾಷೆ ಬಿಟ್ಟಿಲ್ಲ. ಛೇದದಲ್ಲಿ ಯಾವ ಊರುಗಳನ್ನು ಸೇರಿಸಿದೆವು ಅನ್ನುವುದರ ಮೇಲೆ ಅದೇ ಜನ ಅಲ್ಪಸಂಖ್ಯಾತರೂ ಆಗ್ತಾರೆ, ಬಹುಸಂಖ್ಯಾತರೂ ಆಗ್ತಾರೆ.

ಕಾಸರಗೋಡಿನಲ್ಲಿ ನಡೆದ ವಾದದ ಎಲುಬು ಇದೇ. ಆಯೋಗ ಇಡೀ ಕಾಸರಗೋಡು ತಾಲೂಕನ್ನು ಒಂದು ಘಟಕವಾಗಿ ಹಿಡಿದು ಕೇರಳಕ್ಕೆ ಕೊಡಲು ಹೇಳಿತು. ಇಲ್ಲಿಯ ಕನ್ನಡ ಹೋರಾಟಗಾರರು ಚಂದ್ರಗಿರಿ ಹೊಳೆಯನ್ನು ತೋರಿಸಿದರು. ಹೊಳೆಯ ಬಡಗು ಬೇರೆ, ತೆಂಕು ಬೇರೆ ಅಂದರು. 1956 ನವೆಂಬರ್ 1ಕ್ಕೆ ತಾಲೂಕು ಪೂರ್ತಿ ಕೇರಳಕ್ಕೆ ಹೋಯಿತು. 1966ರಲ್ಲಿ ನೇಮಕವಾದ ಮಹಾಜನ್ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಬಡಗಿನ ಭಾಗ ಮೈಸೂರಿಗೆ ಸೇರಲಿ ಅಂದಿತು. ಅದು ಜಾರಿಗೆ ಬರಲಿಲ್ಲ. ಎರಡು ಆಯೋಗ ಎರಡು ಉತ್ತರ ಕೊಟ್ಟದ್ದರ ಹಿಂದೆ ಬೇರೆ ಬೇರೆ ಜನ ಇರಲಿಲ್ಲ, ಬೇರೆ ಬೇರೆ ನೂರು ಇತ್ತು.

ಇದನ್ನು ಹೇಳುವಾಗ ಇನ್ನೊಂದನ್ನೂ ಹೇಳಬೇಕು. ಇದಕ್ಕೆ ನಮ್ಮೂರಿನಲ್ಲೇ ಕೆಲವರಿಗೆ ಸಿಟ್ಟು ಬರ್ತದೆ, ಬರಲಿ. ಬೆಳಗಾವಿಯಲ್ಲಿ ಮರಾಠಿಯವರು ಪಾಟಸ್ಕರ್ ಸೂತ್ರ ಹಿಡಿದರು. ಆಂಧ್ರ ಮತ್ತು ಮದ್ರಾಸ್ ಗಡಿಗೆ ಎಚ್.ವಿ. ಪಾಟಸ್ಕರ್ ಕೊಟ್ಟ ತೀರ್ಪಿನಲ್ಲಿ ಹಳ್ಳಿಯೇ ಘಟಕ. ಹಾಗಾಗಿ ಬೆಳಗಾವಿಯಲ್ಲೂ ಹಳ್ಳಿ ಹಳ್ಳಿ ಎಣಿಸಿ ಅಂದರು. ನಮ್ಮ ಕಡೆಯವರು ಅದನ್ನು ಒಪ್ಪಲಿಲ್ಲ. ಬೆಳಗಾವಿ ನಗರದ ಸುತ್ತ ಇರುವ ಕನ್ನಡ ಪ್ರದೇಶವನ್ನು ತೋರಿಸಿದರು, ಮಹಾಜನರೂ ಅದನ್ನು ಮಾನ್ಯ ಮಾಡಿದರು. ಅಂದರೆ ಬೆಳಗಾವಿಯಲ್ಲಿ ನಾವು ದೊಡ್ಡ ನೂರು ಕೇಳಿದೆವು, ಕಾಸರಗೋಡಿನಲ್ಲಿ ಚಿಕ್ಕ ನೂರು ಕೇಳಿದೆವು. ಕೇರಳ, ಮಹಾರಾಷ್ಟ್ರ, ಆಂಧ್ರದವರೂ ತಮಗೆ ಅನುಕೂಲದ ನೂರನ್ನೇ ಕೇಳಿದರು. ಯಾರದೂ ಸುಳ್ಳು ಲೆಕ್ಕ ಅಲ್ಲ. ಆದರೆ 'ಪರ್ಸೆಂಟ್' ಅಂದ ಕೂಡಲೇ ಅದೊಂದು ನಿಷ್ಪಕ್ಷ ಅಳತೆ, ಥರ್ಮಾಮೀಟರಿನ ಹಾಗೆ, ಅನ್ನುವ ಭಾವನೆ ಹುಟ್ಟಿತು. ಅದು ಮಾತ್ರ ಸರಿಯಲ್ಲ.

ಆದೋನಿ, ಆಲೂರು, ರಾಯದುರ್ಗದ ಕಥೆ ಇದಕ್ಕಿಂತ ಬೇಗ ಮುಗಿಯಿತು. 1953 ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಈ ಮೂರು ತಾಲೂಕು ಇಡಿಯಾಗಿ ಆ ಕಡೆಗೆ, ಉಳಿದವು ಮೈಸೂರಿಗೆ. ತಾಲೂಕು ಇಡಿಯಾಗಿ ಹೋದಾಗ ಗಡಿ ಅಂಚಿನ ಕನ್ನಡ ಹಳ್ಳಿಗಳೂ ಅದರ ಜೊತೆಗೇ ಹೋದವು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ಇದಕ್ಕೆ ತಿರುಗುಮುರುಗು. ಮಹಾಜನ್ ವರದಿ ಅಲ್ಲಿಯ ಕನ್ನಡ ಪ್ರದೇಶಗಳು ಮೈಸೂರಿಗೆ ಬರಲಿ ಅಂದಿತು, ಮಹಾರಾಷ್ಟ್ರ ವರದಿಯನ್ನೇ ತಿರಸ್ಕರಿಸಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅಕ್ಕಲಕೋಟೆಯ ಗೆಳೆಯನನ್ನು ಕೇಳಿದರೆ, "ನಮ್ಮನ್ನ ಎಣಿಸ್ಯಾರ ಖರೇ, ಕೇಳಿಲ್ಲ ನೋಡ್ರಿ" ಅಂತಾನೆ.

ಇದುವರೆಗೆ ಛೇದದ ಮಾತಾಯಿತು, ಅಂಶವೂ ಸುಲಭ ಇಲ್ಲ. ಮಂಜೇಶ್ವರದ ಒಂದು ಮನೆಯಲ್ಲಿ ಮಾತಾಡುವುದು ತುಳು, ಮಕ್ಕಳು ಓದುವುದು ಕನ್ನಡ, ಮದುವೆಯ ಕಾಗದ ಕನ್ನಡ, ಯಕ್ಷಗಾನ ಕನ್ನಡ. ಜನಗಣತಿಯವರು ಕೇಳುವುದು ಮಾತೃಭಾಷೆ. ಮನೆಯವರು ಪ್ರಾಮಾಣಿಕವಾಗಿ ತುಳು ಅಂತಾರೆ. ಜನಗಣತಿಯಲ್ಲಿ ತುಳು ಬೇರೆ ಭಾಷೆ, ಹಾಗಿರಲೇಬೇಕು. ಆದರೆ ಕನ್ನಡ ಶಾಲೆ ಎಷ್ಟು ಜನಕ್ಕೆ ಬೇಕು ಎಂಬ ಲೆಕ್ಕದಲ್ಲಿ ಈ ಮನೆ ಕಾಣುವುದೇ ಇಲ್ಲ. ಕೊಂಕಣಿ, ಬ್ಯಾರಿ, ಕರಾಡ ಮನೆಗಳ ಕಥೆಯೂ ಇದೇ. ನೀಲಗಿರಿಯಲ್ಲಿ ಇದು ತಲೆಕೆಳಗು. ಜನಗಣತಿಯ ಪಟ್ಟಿಯಲ್ಲಿ ಬಡಗ ಕನ್ನಡದ ಕೆಳಗೆ ಸೇರಿದೆ, ಬಡಗರಲ್ಲಿ ಹಲವರು ತಮ್ಮದು ಬೇರೆ ಭಾಷೆ ಅಂತಾರೆ. 2011ರ ಗಣತಿಯಲ್ಲಿ ಕನ್ನಡಿಗರು 4,37,06,512, ದೇಶದ ಶೇಕಡಾ 3.61 ಅನ್ನುವಾಗ ಅದರಲ್ಲಿ ಬಡಗರೂ ಇದ್ದಾರೆ, ಕನ್ನಡದಲ್ಲೇ ಓದಿ ಬರೆಯುವ ತುಳುವರು ಇಲ್ಲ.

ಕಾಸರಗೋಡಿನ ಛೇದ ಕೂಡ ನಿಂತಲ್ಲಿ ನಿಂತಿಲ್ಲ. 1957ರಿಂದ ನಾವು ಕಣ್ಣೂರು ಜಿಲ್ಲೆಯ ಒಂದು ಮೂಲೆ. 1984 ಮೇ 24ಕ್ಕೆ ಕಾಸರಗೋಡು ಬೇರೆ ಜಿಲ್ಲೆಯಾಯಿತು. ಮತ್ತೆ ಮಂಜೇಶ್ವರ ಪ್ರತ್ಯೇಕ ತಾಲೂಕಾಯಿತು. ಪ್ರತಿಸಲವೂ ನಮ್ಮ ಪರ್ಸೆಂಟ್ ಏರಿತು, ತಲೆ ಮಾತ್ರ ಅಷ್ಟೇ. ಊರಿನ ಹಿರಿಯರು ಜಿಲ್ಲೆ ಆದಾಗ ಸಂತೋಷ ಪಟ್ಟದ್ದಕ್ಕೆ ಆಸ್ಪತ್ರೆ, ಕಚೇರಿ ಹತ್ತಿರ ಆಗ್ತದೆ ಅನ್ನುವುದು ಒಂದು ಕಾರಣ. ಈ ಲೆಕ್ಕವೂ ಕೆಲವರ ತಲೆಯಲ್ಲಿ ಇದ್ದಿರಬೇಕು.

ಮಿತಿಯ ಅಂಚಿನಲ್ಲಿ ಇಂಗ್ಲಿಷಿನ ಇನ್ನೊಂದು ಬಳಕೆ ನಮಗೆ ಪೆಟ್ಟು ಕೊಡ್ತದೆ. 16 ಇದ್ದದ್ದು 14 ಆಯಿತು ಅನ್ನಿ. 'ಎರಡು ಪರ್ಸೆಂಟ್ ಕಮ್ಮಿಯಾಯಿತು' ಅಂತ ಪೇಪರಿನಲ್ಲಿ ಬರ್ತದೆ. ಗಣಿತದಲ್ಲಿ ಅದು ಎರಡು ಪರ್ಸೆಂಟೇಜ್ ಪಾಯಿಂಟ್. ಪಾಲು ಕುಸಿದದ್ದು ಎಂಟರಲ್ಲೊಂದು ಭಾಗ, ಶೇಕಡಾ ಹನ್ನೆರಡೂವರೆ. ಕನ್ನಡದಲ್ಲಿ ಈ ವ್ಯತ್ಯಾಸಕ್ಕೆ ಒಂದು ಗಟ್ಟಿ ಪದ ಇನ್ನೂ ನೆಲೆ ನಿಂತಿಲ್ಲ. 'ಶೇಕಡಾವಾರು ಅಂಶ' ಅಂತ ಬರೆಯುವವರಿದ್ದಾರೆ, ಆದರೆ ಅಂಶ ಅಂದರೆ ಭಿನ್ನರಾಶಿಯ ಮೇಲಿನ ಸಂಖ್ಯೆಯೂ ಹೌದು, ಓದುವವರು ತಬ್ಬಿಬ್ಬಾಗ್ತಾರೆ. ಮತ್ತೆ, 15ರ ಮಿತಿ ಇರುವ ನೋಟೀಸಿನ ವಿಷಯಕ್ಕೆ ಈ ಎರಡೂ ಸಣ್ಣ ಮಾತು. 16ರಲ್ಲಿ ಕನ್ನಡ ನೋಟೀಸು ಇರಬೇಕು, 14ರಲ್ಲಿ ಕೇಳುವ ಹಕ್ಕೇ ಇಲ್ಲ. ಹೊರಗಿನಿಂದ ಬೇರೆ ಭಾಷೆಯವರು ಬಂದು ಮನೆ ಕಟ್ಟಿದರೆ ಸಾಕು, ಕನ್ನಡದ ಒಂದು ತಲೆಯೂ ಕಮ್ಮಿಯಾಗದೆ ಇದು ಆಗಬಹುದು.

ಪರ್ಸೆಂಟ್ ಬಳಸದ ಒಂದು ನಿಯಮವೂ ಇದೆ. 1949ರಲ್ಲಿ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಬಗ್ಗೆ ಒಂದು ಒಪ್ಪಂದಕ್ಕೆ ಬಂತು. ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಅವರ ಭಾಷೆಯ ಒಬ್ಬ ಮೇಷ್ಟ್ರನ್ನು ಕೊಡಬೇಕು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿದ ಮೇಲೂ ಈ ಲೆಕ್ಕವೇ ಮುಂದುವರಿಯಿತು. ಜಿಲ್ಲೆ ದೊಡ್ಡದೋ ಚಿಕ್ಕದೋ, ತಾಲೂಕು ಒಡೆಯಿತೋ ಸೇರಿತೋ, ಹತ್ತು ಮಕ್ಕಳು ಹತ್ತೇ. ವಯನಾಡಿನ ಹಾಗೆ ಚದುರಿ ಕೂತ ಕನ್ನಡದ ಮನೆಗಳಿಗೆ ಪರ್ಸೆಂಟಿನಲ್ಲಿ ಎಂದೂ ಸಿಗದ ಜಾಗ ಈ ತಲೆಯೆಣಿಕೆಯಲ್ಲಿ ಸಿಗುವ ಸಾಧ್ಯತೆ ಇದೆ. ಗಡಿನಾಡಿನ ಕನ್ನಡ ಶಾಲೆಗಳ ಚರಿತ್ರೆ ಬರೆಯುವವರು 70ರ ಬಗ್ಗೆ ಬರೆದಷ್ಟು ಈ ಹತ್ತು, ನಲವತ್ತರ ಬಗ್ಗೆ ಬರೆದಿಲ್ಲ ಅನ್ನುವುದು ನನ್ನ ದೂರು.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ, ಓದ್ತೇನೆ: "ಹಾಗಾದರೆ ಪರ್ಸೆಂಟ್ ಕೊಡಲೇಬಾರದಾ?" ಕೊಡಬೇಕು ಮೇಡಂ. ಅದಿಲ್ಲದೆ ದೊಡ್ಡ ಊರನ್ನೂ ಸಣ್ಣ ಊರನ್ನೂ ಹೋಲಿಸಲಿಕ್ಕೆ ಆಗುವುದಿಲ್ಲ. ನಾನು ಕೇಳುವುದು ಇಷ್ಟೇ: ನಮ್ಮ ಪ್ರಬಂಧಗಳಲ್ಲಿ ಶೇಕಡಾ ಬರೆದಾಗ ಪಕ್ಕದಲ್ಲಿ ಒಟ್ಟು ತಲೆ ಎಷ್ಟು, ಯಾವ ಗಡಿಯೊಳಗೆ, ಯಾವ ವರ್ಷದ ಗಡಿ ಅಂತ ಬರೆಯೋಣ. 1951ರ ಕಾಸರಗೋಡು ತಾಲೂಕು ಬೇರೆ, ಇವತ್ತಿನ ಕಾಸರಗೋಡು ತಾಲೂಕು ಬೇರೆ. ಎರಡರ ಶೇಕಡಾವನ್ನು ಅಕ್ಕಪಕ್ಕ ಇಟ್ಟು ಕನ್ನಡ ಏರಿತು, ಇಳಿಯಿತು ಅಂತ ಬರೆದದ್ದನ್ನು ನಾನೇ ಮೂರು ಕಡೆ ಓದಿದ್ದೇನೆ. ಅದರಲ್ಲಿ ಒಂದು ನನ್ನದೇ ಎಂ.ಎ. ಪ್ರಬಂಧ.

ಇನ್ನೊಂದು ಪ್ರಶ್ನೆ, ಸೊಲ್ಲಾಪುರದಿಂದ: "ನಿಮ್ಮ ಕಡೆ ಹತ್ತರ ನಿಯಮ ಉಪಯೋಗಕ್ಕ ಬಂದೈತೇನ್ರಿ?" ಈ ಜೂನ್‌ನಲ್ಲಿ ನಮ್ಮ ಊರಿನ ಶಾಲೆಯ ಒಂದನೇ ಕ್ಲಾಸಿನ ಕನ್ನಡ ವಿಭಾಗಕ್ಕೆ ಸೇರಿದವರು ಒಂಬತ್ತು ಮಕ್ಕಳು. ಟೀಚರ್ ಸ್ಕೂಟರಿನಲ್ಲಿ ಮಳೆಗೆ ನೆನೆದುಕೊಂಡು ಮನೆ ಮನೆಗೆ ಹೋದರು. ನಾಲ್ಕನೇ ದಿನ ಹತ್ತನೆಯ ಮಗು ಬಂತು, ಕೈಯಲ್ಲಿ ಹೊಸ ಕೊಡೆ. ಮನೆಯಲ್ಲಿ ಅದು ಮಾತಾಡುವುದು ತುಳು.